ದೀಕ್ಷಾಸ್ನಾನದ ಬಟ್ಟಲಲ್ಲ, ಬೀಟ್ರಿಸಳ ಕಡೆಯುವ ಕಲ್ಲು

(ಮಸ್ಕತ್ತಿನ ಮತ್ರಾದ ಹಳೆಯ ಯೂನಿಟೇರಿಯನ್ ಚಾಪೆಲಿನ ಶತಮಾನೋತ್ಸವ ಸಮಿತಿಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ)

ರೂವಿ, ಮಸ್ಕತ್, 5 ಜನವರಿ 1995

ಮಾನ್ಯ ಕಾರ್ಯದರ್ಶಿಗಳೇ,

ಕಳೆದ ಅಕ್ಟೋಬರ್ ಏಳನೇ ತಾರೀಕು ಶುಕ್ರವಾರ, ಬೆಳಿಗ್ಗೆ ಹತ್ತೂವರೆ ಗಂಟೆಗೆ, ಚಾಪೆಲಿನ ಅಂಗಳದಲ್ಲಿ ತಾವು ನನ್ನ ಹೆಂಡತಿಯ ಕಡೆಯುವ ಕಲ್ಲನ್ನು ಅನಾವರಣ ಮಾಡಿದಿರಿ. ನೇರಳೆ ಬಣ್ಣದ ಬಟ್ಟೆ ಎಳೆದಿರಿ. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಕಲ್ಲಿನ ಸುತ್ತ ಹಡಗಿನ ಸರಪಳಿಯಂಥ ಸರಪಳಿ, ಕೆಳಗೆ ಅಮೃತಶಿಲೆಯ ಪೀಠ, ಪೀಠದ ಮೇಲೆ ಹಿತ್ತಾಳೆಯ ಫಲಕ: 'ಈ ಚಾಪೆಲಿನ ಸ್ಥಾಪಕರು 1894ರಲ್ಲಿ ಬಳಸಿದ ದೀಕ್ಷಾಸ್ನಾನದ ಬಟ್ಟಲು. ದಯವಿಟ್ಟು ಮುಟ್ಟಬೇಡಿ.' ಮಾನ್ಯರೇ, ಮುಟ್ಟದೇ ಇದ್ದರೆ ಆ ಕಲ್ಲಿನಿಂದ ಯಾರಿಗೆ ಏನು ಉಪಯೋಗ? ಅದನ್ನು ಮುಟ್ಟಬೇಕು, ಅದರ ಮುಂದೆ ಮಣೆ ಹಾಕಿ ಕೂರಬೇಕು, ಒಂದು ಕೈಯಲ್ಲಿ ಗುಂಡು ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಹಿಟ್ಟು ಒಳಗೆ ತಳ್ಳಬೇಕು. ಅಕ್ಕಿ, ಉದ್ದು, ತೆಂಗಿನಕಾಯಿ, ಕೊತ್ತಂಬರಿ, ಒಣಮೆಣಸು ಇವುಗಳ ಹೊರತು ಆ ಕಲ್ಲು ಈವರೆಗೆ ಯಾರಿಗೂ ದೀಕ್ಷೆ ಕೊಟ್ಟದ್ದಿಲ್ಲ.

ಈ ವಿಷಯವಾಗಿ ನಾನು ತಮಗೆ ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ 'ನಿಮ್ಮ ಆಸಕ್ತಿಗೆ ಧನ್ಯವಾದಗಳು' ಎಂಬ ಅಚ್ಚು ಮಾಡಿದ ಉತ್ತರ ಬಂತು. ಎರಡನೆಯದಕ್ಕೂ ಅದೇ ಬಂತು. ಮೂರನೆಯದಕ್ಕೆ ಚಾಪೆಲಿನ ಚಿತ್ರವಿರುವ ಕ್ರಿಸ್ಮಸ್ ಕಾರ್ಡ್ ಬಂತು. ಕಾರ್ಡಿನ ಮೂಲೆಯಲ್ಲಿ ನಮ್ಮ ಕಲ್ಲು ಕೂಡ ಇತ್ತು, ಅದರ ಮೇಲೊಂದು ನಕ್ಷತ್ರ. ಆದ್ದರಿಂದ ಈಗ ಕನ್ನಡದಲ್ಲಿ ಬರೆದು ಊರಿನ ವಾರಪತ್ರಿಕೆಗೆ ಕಳಿಸುತ್ತಿದ್ದೇನೆ. ತಮ್ಮ ಮಾತೃಶ್ರೀಯವರು ಉಡುಪಿಯಲ್ಲಿ ಈ ಪತ್ರಿಕೆಯನ್ನು ಮೊದಲ ಪುಟದಿಂದ ಮರಣ ವಾರ್ತೆಯ ತನಕ ಓದುತ್ತಾರೆಂದು ಕೇಳಿದ್ದೇನೆ. ಮಸ್ಕತ್ತಿನ ಸಮಿತಿಗೆ ತಿಳಿಯದ ಒಂದು ವಿಷಯ ಅವರಿಗೆ ಫೋಟೋ ನೋಡಿದ ಕೂಡಲೇ ತಿಳಿಯುತ್ತದೆ ಎಂಬ ಭರವಸೆ ನನಗಿದೆ.

ಮೊದಲು ಚಾಪೆಲಿನ ಚರಿತ್ರೆ ನೋಡೋಣ, ಯಾಕೆಂದರೆ ತಾವು ಚರಿತ್ರೆಯ ಹೆಸರಿನಲ್ಲಿಯೇ ಕಲ್ಲನ್ನು ಕಟ್ಟಿಹಾಕಿದ್ದೀರಿ. ತಮ್ಮ ಸ್ಮರಣ ಸಂಚಿಕೆಯಲ್ಲಿ ಅರವತ್ತನಾಲ್ಕು ಪುಟ. ಅದರಲ್ಲಿ ಜಾಹೀರಾತು ನಲವತ್ತೊಂದು ಪುಟ, ಶುಭಾಶಯ ಇಪ್ಪತ್ತು ಪುಟ, ಉಳಿದ ಮೂರು ಪುಟ ಚರಿತ್ರೆ. ನೂರು ವರ್ಷಕ್ಕೆ ಮೂರು ಪುಟ, ಒಂದು ಏರ್ ಕಂಡೀಶನರ್ ಅಂಗಡಿಗೆ ಎರಡು ಪುಟ! ಇರಲಿ. ಆ ಮೂರು ಪುಟದಲ್ಲಿ ಒಪ್ಪಬಹುದಾದ ಮಾತೂ ಇದೆ. ಅಮೆರಿಕದಿಂದ ಖರ್ಜೂರ ಕೊಳ್ಳಲು ಬಂದ ಒಬ್ಬ ವರ್ತಕ ಈ ಚಾಪೆಲನ್ನು ಕಟ್ಟಿಸಿದ. ಅವನು ಯೂನಿಟೇರಿಯನ್, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವವನ್ನು ಒಪ್ಪದೆ ದೇವರು ಒಬ್ಬನೇ ಎನ್ನುವ ಪಂಗಡದವನು. ಚಾಪೆಲಿನ ಪಕ್ಕದ ಮನೆಯ ಅಬ್ದುಲ್ಲಾ ಅವರಿಗೆ ಈಗ ಎಪ್ಪತ್ತೆರಡು ವರ್ಷ. ಅವರ ಮನೆಯಲ್ಲಿ ನಡೆದುಬಂದ ಮಾತಿನ ಪ್ರಕಾರ, ವರ್ತಕ ಜಾಗ ಕೇಳಲು ಬಂದಾಗ ಅವರ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ದೇವರು ಎಷ್ಟು ಜನ?" ಒಬ್ಬನೇ ಎಂದು ಉತ್ತರ ಬಂತು. "ಹಾಗಾದರೆ ಬಾವಿಯ ಹತ್ತಿರ ಕಟ್ಟಿ, ನೀರು ಹೊರುವುದು ತಪ್ಪುತ್ತದೆ" ಎಂದರಂತೆ ಅಜ್ಜ. ಆ ಬಾವಿ ಈಗಲೂ ಇದೆ. ತಮ್ಮ ಸಂಚಿಕೆಯಲ್ಲಿ ಮಾತ್ರ ಇಲ್ಲ.

ಇನ್ನೊಂದು ವಿಷಯವೂ ಅದರಲ್ಲಿಲ್ಲ. ವರ್ತಕ ಊರು ಬಿಟ್ಟ ಮೇಲೆ ಮೂವತ್ತು ವರ್ಷ ಚಾಪೆಲಿನಲ್ಲಿ ನಡೆದದ್ದು ಪ್ರಾರ್ಥನೆಯಲ್ಲ, ಖರ್ಜೂರದ ದಾಸ್ತಾನು. ಇಂದಿಗೂ ಜೂನ್ ತಿಂಗಳಲ್ಲಿ ಕರೆಂಟು ಹೋದರೆ ಎಡಗಡೆಯ ಗೋಡೆಯಿಂದ ಬೆಲ್ಲದ ವಾಸನೆ ಬರುತ್ತದೆ. ಇದನ್ನು ತಾವು 'ಶಾಂತ ಧ್ಯಾನದ ಕಾಲಘಟ್ಟ' ಎಂದು ಬರೆದಿದ್ದೀರಿ. ಖರ್ಜೂರ ಶಾಂತವಾಗಿಯೇ ಇರುತ್ತದೆ, ಒಪ್ಪಿದೆ. ಆದರೆ ಚಾಪೆಲಿನ ಗೋಡೆಯನ್ನು ಮೂವತ್ತು ವರ್ಷ ಬೀಳದಂತೆ ನೋಡಿಕೊಂಡವರು ಅಬ್ದುಲ್ಲಾ ಅವರ ತಂದೆ. ತಮ್ಮ ಖರ್ಜೂರ ಹಾಳಾಗಬಾರದು ಎಂಬ ಕಾರಣಕ್ಕಾದರೂ ಅವರು ಪ್ರತಿ ವರ್ಷ ಮಾಡಿಗೆ ಗಾರೆ ಮೆತ್ತಿಸಿದರು. ಅವರ ಹೆಸರು ಹಾಕಲು ಜಾಗವಿರಲಿಲ್ಲವೇ? ಏರ್ ಕಂಡೀಶನರ್ ಅಂಗಡಿಯವರು ಅರ್ಧ ಪುಟ ಬಿಟ್ಟುಕೊಡುತ್ತಿರಲಿಲ್ಲವೇ?

ಆಮೇಲೆ ಬಹುಕಾಲ ಬೀಗ ಬಿದ್ದಿದ್ದ ಚಾಪೆಲ್ ಎಪ್ಪತ್ತರ ದಶಕದಲ್ಲಿ ಮತ್ತೆ ತೆರೆಯಿತು. ಯೂನಿಟೇರಿಯನ್ನರು ಒಬ್ಬರೂ ಉಳಿದಿರಲಿಲ್ಲವಾದ್ದರಿಂದ ಅದು ಎಲ್ಲರದ್ದೂ ಆಯಿತು. ಶುಕ್ರವಾರ ಬೆಳಿಗ್ಗೆ ಇಂಗ್ಲಿಷಿನವರು, ಆಮೇಲೆ ಮಲಯಾಳಿಗಳು, ಮಧ್ಯಾಹ್ನ ತಮಿಳರು, ಮೂರೂವರೆಯಿಂದ ಐದರ ತನಕ ನಾವು ಕೊಂಕಣಿಯವರು. ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದು ನಿಲ್ಲುವ ಹಾಗೆ ದೇವರ ಮುಂದೆ ಒಂದೊಂದು ಭಾಷೆ ಬಂದು ನಿಂತು ಹೋಗುತ್ತಿತ್ತು. ಇದನ್ನೆಲ್ಲ ಹೊಂದಿಸಿ, ಬಾಗಿಲು ತೆಗೆದು, ಬೆಂಚು ಒರೆಸಿ, ಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದವನು ಕಿನ್ನಿಗೋಳಿಯ ಕೊಗ್ಗ. ಅವನು ಹಿಂದು, ಮಾತು ತುಳು. ಆದರೆ ಯಾವ ಪಂಗಡಕ್ಕೆ ಎಷ್ಟು ಹೊತ್ತು ಪ್ರಾರ್ಥನೆ ಸಾಕು ಎಂಬುದು ಅವನಿಗೆ ಪಾದ್ರಿಗಳಿಗಿಂತ ಚೆನ್ನಾಗಿ ಗೊತ್ತಿತ್ತು.

ಈಗ ಕಲ್ಲಿನ ಚರಿತ್ರೆಗೆ ಬರುತ್ತೇನೆ. ಇದು ಚಾಪೆಲಿನ ಚರಿತ್ರೆಗಿಂತ ಚಿಕ್ಕದು, ಆದರೆ ಇದರಲ್ಲಿ ಜಾಹೀರಾತಿಲ್ಲ.

1983ರಲ್ಲಿ ನನಗೆ ಫ್ಯಾಮಿಲಿ ವೀಸಾ ಸಿಕ್ಕಿತು. ಹೊರಡುವ ಮುಂಚೆ ಬೀಟ್ರಿಸಳ ತಾಯಿ ತಮ್ಮ ಮದುವೆಯ ವರ್ಷ ಕಾರ್ಕಳದಿಂದ ತರಿಸಿದ್ದ ಕಡೆಯುವ ಕಲ್ಲನ್ನು ಮಗಳಿಗೆ ಕೊಟ್ಟರು. ಘಟ್ಟದ ಮೇಲಿನ ಓದುಗರು ಇದನ್ನು ರುಬ್ಬುವ ಕಲ್ಲು ಎಂದು ತಿಳಿಯಬೇಕು. ಮಿಕ್ಸಿ ಇದೆಯಲ್ಲ ಎಂದು ನಾನು ಹೇಳಿ ನೋಡಿದೆ. "ಮಿಕ್ಸಿಯಲ್ಲಿ ಕಡೆದ ಹಿಟ್ಟು ಉಬ್ಬುವುದಿಲ್ಲ, ಬೆದರುತ್ತದೆ" ಎಂದರು ನಮ್ಮ ಅತ್ತೆ. ನಾನು ಮಸ್ಕತ್ತಿನಲ್ಲಿ ಹಡಗಿನ ಸರಕು ಬಿಡಿಸುವ ಆಫೀಸಿನಲ್ಲಿ ಗುಮಾಸ್ತ. ಆ ಒಂದು ತಪ್ಪಿಗಾಗಿ ಎಪ್ಪತ್ತೆಂಟು ಕಿಲೋ ಕಲ್ಲು ಬೊಂಬಾಯಿಯಿಂದ ಈರುಳ್ಳಿ ಗೋಣಿಗಳ ನಡುವೆ ಕೂತು ಹಡಗಿನಲ್ಲಿ ಬಂತು.

ಬಂದರಿನ ಕಸ್ಟಮ್ಸಿನವರು ಗೋಣಿ ಬಿಚ್ಚಿ ಕಲ್ಲಿಗೆ ಒಂದು ಸುತ್ತು ಬಂದರು. ಅಧಿಕಾರಿ ನನ್ನನ್ನು ಕರೆಸಿ ಇದೇನು ಎಂದು ಕೇಳಿದ. ನನ್ನ ಅರಬ್ಬಿ ಆಗ ಸಲಾಂ ಮತ್ತು ಶುಕ್ರನ್ ನಡುವೆ ಮುಗಿಯುತ್ತಿತ್ತು. ಆದ್ದರಿಂದ ಪ್ಯಾಂಟು ಮಡಚಿ ನೆಲದ ಮೇಲೆ ಕೂತು, ಇಲ್ಲದ ಅಕ್ಕಿಯನ್ನು ಕಡೆದು, ಇಲ್ಲದ ಹಿಟ್ಟನ್ನು ಬಳಿದು, ಇಲ್ಲದ ಇಡ್ಲಿಯನ್ನು ತಿಂದು ತೋರಿಸಿದೆ. ಎಂಟು ಜನ ಸೇರಿದರು. ಅಧಿಕಾರಿ ಮುರುಕು ಇಂಗ್ಲಿಷಿನಲ್ಲಿ ಗಂಭೀರವಾಗಿಯೇ ಕೇಳಿದ, "ಇದು ಪ್ರಾರ್ಥನೆಗೆ ಸಂಬಂಧಿಸಿದ ವಸ್ತುವೋ?" ಅಲ್ಲ ಎಂದೆ. ಹಾಗೆಂದು ಬರೆದುಕೊಡಲು ಹೇಳಿದ, ಬರೆದುಕೊಟ್ಟೆ. "ಯಲ್ಲಾ, ಖಲಾಸ್", ಮುಗಿಯಿತು ನಡೆ, ಎಂದು ಮೊಹರು ಒತ್ತಿದ. ಆ ಕಾಗದದ ನಕಲು ನನ್ನಲ್ಲಿದೆ. ಅದರಲ್ಲಿ ನನ್ನ ಸಹಿಯ ಮೇಲೆ ಸ್ಪಷ್ಟವಾಗಿ ಹೀಗಿದೆ: 'ಕಲ್ಲು ಒಂದು, ಗುಂಡು ಒಂದು. ಮನೆಯ ಅಡುಗೆಗೆ ಮಾತ್ರ. ಯಾವುದೇ ಧಾರ್ಮಿಕ ಉಪಯೋಗವಿಲ್ಲ.' ಹನ್ನೊಂದು ವರ್ಷದ ನಂತರ ತಾವು ಅದಕ್ಕೆ ನೇರಳೆ ಬಟ್ಟೆ ಹೊದಿಸಿ, ಮೇಣದ ಬತ್ತಿ ಹಚ್ಚಿ, ಒಂದು ಸರ್ಕಾರದ ಎದುರು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದ್ದೀರಿ.

ಕಲ್ಲು ಚಾಪೆಲಿಗೆ ಬಂದದ್ದು ದೇವರ ಪ್ರೇರಣೆಯಿಂದಲ್ಲ, ಕೆಳಗಿನ ಮನೆಯ ಮಮ್ಮದನ ಪ್ರೇರಣೆಯಿಂದ. ರೂವಿಯಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟು. ಬೀಟ್ರಿಸ್ ಮೊದಲ ಗುರುವಾರ ಅಕ್ಕಿ ಕಡೆದಳು. ಅರ್ಧ ಗಂಟೆಯಲ್ಲಿ ಬಾಗಿಲು ಬಡಿದ ಸದ್ದು. ಉಪ್ಪಿನಂಗಡಿಯ ಮಮ್ಮದ್, ತಲೆಯ ಮೇಲೆ ಸುಣ್ಣದ ಹುಡಿ.

"ಫೌಸ್ಟಿನಣ್ಣ, ನೀವು ಮನೆಯೊಳಗೆ ರಸ್ತೆ ಮಾಡ್ತಿದ್ದೀರಾ?"

"ಇಲ್ಲ ಮಾರಾಯ, ಸಾನ್ನಕ್ಕೆ ಅಕ್ಕಿ."

"ಸಾನ್ನ ಒಳ್ಳೆಯದೇ. ಆದರೆ ನನ್ನ ಫ್ಯಾನು ತನ್ನಷ್ಟಕ್ಕೆ ತಿರುಗ್ತಾ ಉಂಟು, ಸ್ವಿಚ್ಚು ಹಾಕದೆ."

ಸಾನ್ನ ಎಂದರೆ ಇಡ್ಲಿಯ ಹತ್ತಿರದ ಸಂಬಂಧಿ, ಊರಿನಲ್ಲಿ ಕಳ್ಳು ಹಾಕಿ ಉಬ್ಬಿಸುತ್ತಾರೆ, ಇಲ್ಲಿ ಯೀಸ್ಟು. ಮಮ್ಮದನ ಫ್ಯಾನಿನ ಸಲುವಾಗಿ ನಾನು ಕೊಗ್ಗನನ್ನು ಕೇಳಿದೆ. ಕೊಗ್ಗ ಹೇಳಿದ, "ಪೊರ್ಬುಗಳೇ, ಬಾವಿಯ ಹತ್ತಿರ ಇಡಿ. ಅಲ್ಲಿ ನೆಲ ಗಟ್ಟಿ, ನೀರು ಉಂಟು, ನೆರಳು ಉಂಟು. ಬಾಯಮ್ಮ ಬಂದು ಕಡೆಯಲಿ. ಆದರೆ ನಾಲ್ಕು ಸಾನ್ನ ನನಗೂ." ಅವನ ತುಳುವಿನಲ್ಲಿ ಕ್ರೈಸ್ತ ಗಂಡಸು ಪೊರ್ಬು, ಹೆಂಗಸು ಬಾಯಮ್ಮ. ಹೀಗೆ ಕರಾರಾಯಿತು. ಕಲ್ಲನ್ನು ಮೀನಿನ ಕೈಗಾಡಿಯಲ್ಲಿ ತಂದೆವು. ಗೇಟಿನ ಒಂದು ಬಾಗಿಲು ಕೊಗ್ಗ ಹಿಡಿದ, ಇನ್ನೊಂದನ್ನು ಅಬ್ದುಲ್ಲಾ ಹಿಡಿದರು.

ಆರು ವರ್ಷ ಪ್ರತಿ ಗುರುವಾರ ಸಂಜೆ ಬೀಟ್ರಿಸ್ ಅಲ್ಲಿ ಅಕ್ಕಿ ಕಡೆದಳು. ಅವಳೊಬ್ಬಳೇ ಅಲ್ಲ. ನಮ್ಮ ಎದುರು ಮನೆಯ ವಾರಿಜಾಕ್ಷಿ, ಸುರತ್ಕಲ್ಲಿನವರು, ದೋಸೆಗೆಂದು ಉದ್ದು ತರುತ್ತಿದ್ದರು. ತಮಿಳು ಹೆಂಗಸರು ಬರುತ್ತಿದ್ದರು. ಸರದಿಗಾಗಿ ಬಕೆಟುಗಳನ್ನು ಸಾಲಿನಲ್ಲಿಟ್ಟು ಬೇವಿನ ಕೆಳಗೆ ಮಾತಾಡುತ್ತಿದ್ದರು. ಯಾರಿಗೆ ವೀಸಾ ಸಿಕ್ಕಿತು, ಯಾರ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಪಾಸ್‌ಪೋರ್ಟ್ ಹಿಂದೆ ಕೊಡುತ್ತಿಲ್ಲ, ಯಾರ ಮಗಳಿಗೆ ಹುಡುಗ ನೋಡುತ್ತಿದ್ದಾರೆ ಎಲ್ಲವೂ ಹಿಟ್ಟಿನ ಜೊತೆ ನುಣ್ಣಗಾಗುತ್ತಿತ್ತು. ಶುಕ್ರವಾರ ಐದು ಗಂಟೆಗೆ ನಮ್ಮ ಪ್ರಾರ್ಥನೆ ಮುಗಿದ ಕೂಡಲೇ ಅಂಗಳದಲ್ಲಿ ಸಾನ್ನ. ಪ್ರಾರ್ಥನೆಗೆ ನಾವು ಮೂವತ್ತು ಜನ, ಸಾನ್ನಕ್ಕೆ ಎಂಬತ್ತು ಜನ. ಅಬ್ದುಲ್ಲಾ ಅವರ ಮನೆಯಿಂದ ಖರ್ಜೂರದ ಪಾಕ ಬರುತ್ತಿತ್ತು. ಅದನ್ನು ಸಾನ್ನದ ಮೇಲೆ ಸುರಿದುಕೊಳ್ಳಲು ಮೊದಲು ಧೈರ್ಯ ಮಾಡಿದವನು ಕೊಗ್ಗ. ಇದಕ್ಕಿಂತ ಒಳ್ಳೆಯ ಯೂನಿಟೇರಿಯನ್ ಕೂಟ ಆ ವರ್ತಕನ ಕಾಲದಲ್ಲೂ ನಡೆದಿರಲಾರದು. ಆದರೆ ಸಂಚಿಕೆ ಏನನ್ನುತ್ತದೆ? '1991ರಲ್ಲಿ ಸಮಿತಿಯು ವಹಿಸಿಕೊಳ್ಳುವವರೆಗೆ ಆವರಣವು ನಿರುಪಯುಕ್ತ ಪಾಳು ಜಾಗವಾಗಿತ್ತು.' ಮಾನ್ಯರೇ, ಆ ಪಾಳು ಜಾಗದಲ್ಲಿ ತಾವೂ ಸಾನ್ನ ತಿಂದಿದ್ದೀರಿ. ಆಗ ತಾವು ಬ್ಯಾಚುಲರ್, ರೂವಿಯಲ್ಲಿ ಐದು ಜನರ ರೂಮಿನಲ್ಲಿದ್ದಿರಿ, ಒಂದು ಸಲಕ್ಕೆ ಹನ್ನೊಂದು ತಿನ್ನುತ್ತಿದ್ದಿರಿ. ಎಣಿಸಿದ್ದು ನಾನಲ್ಲ, ಕೊಗ್ಗ. ಶ್ರೀಮಂತರ ಖುರುಮಿನ ವಿಲ್ಲಾಕ್ಕೆ ಹೋದ ಮೇಲೆ ಮನುಷ್ಯನಿಗೆ ಹಸಿವು ಮರೆಯಬಹುದು, ಕಲ್ಲಿನ ಮುಖವೂ ಮರೆತುಹೋಗುತ್ತದೆಯೇ?

1989ರಲ್ಲಿ ನನ್ನನ್ನು ದೂರದ ಒಳನಾಡಿನ ಇಬ್ರಿಗೆ ವರ್ಗ ಮಾಡಿದರು. ಆರು ತಿಂಗಳು ಮಾತ್ರ ಎಂದು ಮ್ಯಾನೇಜರ್ ಹೇಳಿದ್ದರಿಂದ ಕಲ್ಲನ್ನು ಕೊಗ್ಗನ ವಶಕ್ಕೆ ಬಿಟ್ಟು ಹೋದೆವು. ಆ ಆರು ತಿಂಗಳು ಐದು ವರ್ಷ ನಡೆಯಿತು. ಅದೇ ಅವಧಿಯಲ್ಲಿ ಊರಿನಲ್ಲಿ ನಮ್ಮ ಅತ್ತೆ ತೀರಿಕೊಂಡರು, ಬೀಟ್ರಿಸ್ ತಲುಪುವಾಗ ಮೂರನೇ ದಿನ. ಕೊಗ್ಗ 1992ರಲ್ಲಿ ಕೆಲಸ ಬಿಟ್ಟು ಊರಿಗೆ ಹೋಗುವಾಗ ನಮಗೆ ಒಂದು ಕಾಗದ ಬರೆಸಿ ಹಾಕಿದ: 'ಕಲ್ಲು ಬಾವಿಯ ಬದಿಯಲ್ಲಿ ಕವುಚಿ ಹಾಕಿದ್ದೇನೆ, ಮೇಲೆ ಗೋಣಿ ಮುಚ್ಚಿದ್ದೇನೆ. ಗುಂಡು ಪಂಪಿನ ಶೆಡ್ಡಿನಲ್ಲಿ ಉಂಟು. ಬಾಯಮ್ಮನಿಗೆ ಹೇಳಿ.' ಈ ಕಾಗದವೂ ನನ್ನಲ್ಲಿದೆ. ಅದರ ಮರುವರ್ಷ ತಾವು ಅಂಗಳಕ್ಕೆ ಟೈಲ್ಸ್ ಹಾಕಿಸಲು ಅಗೆಸಿದಿರಿ. ಮಣ್ಣಿನಲ್ಲಿ ಕಲ್ಲು ಸಿಕ್ಕಿತು, ಶೆಡ್ಡಿನಲ್ಲಿ ಗುಂಡು ಸಿಕ್ಕಿತು. ಕಲ್ಲು ದೀಕ್ಷಾಸ್ನಾನದ ಬಟ್ಟಲಾಯಿತು. ಗುಂಡು? ಅದನ್ನು 'ಯಾವುದೋ ಪುರಾತನ ಸ್ತಂಭದ ತುಂಡು' ಎಂದು ನಿರ್ಧರಿಸಿ ಚಾಪೆಲಿನ ಒಳಗೆ ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಮಖಮಲ್ಲಿನ ಮೇಲೆ ಮಲಗಿಸಿದಿರಿ. ನಲವತ್ತೈದು ವರ್ಷ ಒಬ್ಬರ ಹೊಟ್ಟೆಯೊಳಗೆ ಒಬ್ಬರಾಗಿ ಸಂಸಾರ ಮಾಡಿದ ಜೋಡಿ ಅದು. ಒಬ್ಬರನ್ನು ಬಿಸಿಲಿಗೆ, ಇನ್ನೊಬ್ಬರನ್ನು ಏಸಿಗೆ ಹಾಕಿದ್ದೀರಿ. ಸ್ತಂಭಕ್ಕೂ ಬಟ್ಟಲಿಗೂ ಅಳತೆ ಹೊಂದುತ್ತದೆ ಎಂದು ತಮ್ಮ ಹನ್ನೆರಡು ಜನರ ಸಮಿತಿಯಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ? ಹನ್ನೆರಡು ಜನರಲ್ಲಿ ಒಬ್ಬರೂ ಅಡುಗೆಮನೆಗೆ ಹೋಗಿಲ್ಲವೇ, ಅಥವಾ ಸಮಿತಿಯಲ್ಲಿ ಹೆಂಗಸರು ಒಬ್ಬರೂ ಇಲ್ಲವೇ? ಪಟ್ಟಿ ನೋಡಿದೆ. ಇಲ್ಲ.

ಅನಾವರಣದ ದಿನ ನಾವು ಇಬ್ರಿಯಿಂದ ಮರಳಿ ಒಂದು ವಾರ ಆಗಿತ್ತು. ಬೀಟ್ರಿಸ್ ಕಲ್ಲು ನೋಡಿ ಬರೋಣ ಎಂದೇ ಹೊರಟಿದ್ದಳು. ವಾರಿಜಾಕ್ಷಿಯವರೂ ಜೊತೆಗಿದ್ದರು. ಬಟ್ಟೆ ಸರಿಯಿತು. ಎಲ್ಲರೂ ತಲೆ ಬಾಗಿಸಿದರು. ಆ ಮೌನದಲ್ಲಿ ನನ್ನ ಹೆಂಡತಿಯ ಸ್ವರ: "ಅಯ್ಯೋ, ನನ್ನ ಕಲ್ಲು!"

ವಾರಿಜಾಕ್ಷಿಯವರು ಪಿಸುಗುಟ್ಟಿದ್ದು ಹಿಂದಿನ ಸಾಲಿನ ತನಕ ಕೇಳಿತು, "ಬೀಟ್ರಿಸ್ ಬಾಯಿ, ಹೋದ ಸಲ ನಾವು ಇದನ್ನು ತೊಳೆದಿಟ್ಟಿದ್ದೆವಾ?"

ತಾವು ಮೈಕಿನಲ್ಲಿ, "ಆಂಟಿ, ಪ್ಲೀಸ್, ಆಫ್ಟರ್ ಪ್ರೇಯರ್" ಎಂದಿರಿ. ಪ್ರಾರ್ಥನೆಯ ನಂತರ ನಾವು ಬಂದೆವು. ಅಲ್ಲಿ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ, ತಮಗೆ ಮರೆತಿದ್ದರೆ ನೆನಪಿಸುತ್ತೇನೆ. ಬೀಟ್ರಿಸ್ ಹೇಳಿದಳು, "ನೋಡಿ, ಬಲಗಡೆ ಅಂಚಿನಲ್ಲಿ ಒಂದು ಚಿಪ್ಪಿನಷ್ಟು ಒಡೆದಿದೆ. ನನ್ನ ತಮ್ಮ ತೆಂಗಿನಕಾಯಿ ಒಡೆಯಲು ಹೋಗಿ ಒಡೆದದ್ದು. ಅಮ್ಮ ಅವನಿಗೆ ಆ ದಿನ ಊಟ ಕೊಡಲಿಲ್ಲ."

ತಾವು ಸಂಚಿಕೆ ತೆರೆದು ತೋರಿಸಿದಿರಿ. "ಅದು ಫಿರಂಗಿ ಗುಂಡಿನ ಪೆಟ್ಟು ಆಂಟಿ. ಪುಟ ಆರು."

"ಫಿರಂಗಿಯಲ್ಲ, ಫ್ರೆಡ್ಡಿ."

"ಪ್ರೂಫ್ ಇದೆಯಾ?"

ಆಗ ತಮ್ಮ ಪಕ್ಕದಲ್ಲಿದ್ದ ತಮ್ಮ ಮಗಳು ತಮ್ಮ ಅಂಗಿ ಜಗ್ಗಿ, "ಡ್ಯಾಡಿ, ಗ್ರ್ಯಾನಿ ಹ್ಯಾಸ್ ದ ಸೇಮ್ ಥಿಂಗ್ ಇನ್ ಉಡುಪಿ. ಶಿ ಮೇಕ್ಸ್ ಚಟ್ನಿ ಇನ್ ಇಟ್" ಎಂದಳು. ತಾವು ಆ ಮಗುವನ್ನು ಜ್ಯೂಸ್ ಕುಡಿಯಲು ಕಳಿಸಿದಿರಿ. ಆವರಣದ ಬೇಲಿಯಾಚೆ ನಿಂತಿದ್ದ ಅಬ್ದುಲ್ಲಾ ಅವರನ್ನು ನಾನು ಸಾಕ್ಷಿಗೆ ಕರೆದೆ. ಅವರು ಊರುಗೋಲಿನಿಂದ ಕಲ್ಲಿನ ಕಡೆ ತೋರಿಸಿ, ಮತ್ರಾದ ಹಳಬರೆಲ್ಲ ಆಡುವ ಹಿಂದಿಯಲ್ಲಿ, "ಯೇ ಪತ್ಥರ್ ತೋ ಇಡ್ಲಿವಾಲಾ ಹೈ, ಸಾಹೇಬ್! ಗೇಟ್ ಮೈನೇ ಪಕಡಾ ಥಾ" ಎಂದರು, ಅಂದರೆ ಇದು ಇಡ್ಲಿಯ ಕಲ್ಲು, ತಂದ ದಿನ ಗೇಟು ಹಿಡಿದವನು ನಾನೇ ಎಂದು. ತಾವು ಅವರಿಗೂ ಜ್ಯೂಸ್ ಕೊಡಿಸಿದಿರಿ.

ಪ್ರೂಫ್ ಕೇಳಿದಿರಲ್ಲ, ಅದು ತಮ್ಮ ಕೈಯಲ್ಲೇ ಇತ್ತು. ಸಂಚಿಕೆಯ ಅದೇ ಆರನೇ ಪುಟದಲ್ಲಿ ಕಲ್ಲಿನ ಪಕ್ಕೆಯಲ್ಲಿ, ತಳದ ಹತ್ತಿರವಿರುವ ಅಕ್ಷರಗಳ ಫೋಟೋ ಹಾಕಿ, 'ಇನ್ನೂ ಓದಲಾಗದ ಪ್ರಾಚೀನ ಲಿಪಿ. ಬಹುಶಃ ಸಿರಿಯಾಕ್' ಎಂದು ಬರೆದಿದ್ದೀರಿ. ಮಾನ್ಯರೇ, ದಯವಿಟ್ಟು ಪುಟವನ್ನು ತಲೆಕೆಳಗು ಮಾಡಿ ಹಿಡಿಯಿರಿ. ಕೊಗ್ಗ ಕಲ್ಲನ್ನು ಕವುಚಿ ಹಾಕಿದ್ದ, ತಮ್ಮ ಫೋಟೋಗ್ರಾಫರ್ ಅದನ್ನು ಹಾಗೆಯೇ ತೆಗೆದ. ಈಗ ಓದಿ. 'ಕಾರ್ಕಳ ೧೯೪೮'. ಅಕ್ಷರ ಕೆತ್ತಿದವನು ಕಲ್ಲುಕುಟಿಗ, ಕೆತ್ತಿಸಿದವರು ನಮ್ಮ ಅತ್ತೆ, ಓದಲಾಗದೆ ಹೋದವರು ಉಡುಪಿಯ ಶಾಲೆಯಲ್ಲಿ ಹತ್ತು ವರ್ಷ ಕನ್ನಡ ಕಲಿತ ತಾವು. 1948ರಲ್ಲಿ ಕಾರ್ಕಳದಲ್ಲಿ ಕೆತ್ತಿದ ಕಲ್ಲಿನಲ್ಲಿ 1894ರಲ್ಲಿ ಮತ್ರಾದಲ್ಲಿ ದೀಕ್ಷಾಸ್ನಾನ ನಡೆಯಿತು ಎನ್ನುವುದಾದರೆ ಅದು ಪವಾಡವೇ ಸರಿ, ಆದರೆ ಯೂನಿಟೇರಿಯನ್ನರು ಪವಾಡಗಳನ್ನು ಅಷ್ಟಾಗಿ ನಂಬುವವರಲ್ಲ ಎಂದು ನಾನು ಮೂರು ಗುರುವಾರ ಗ್ರಂಥಾಲಯದಲ್ಲಿ ಕೂತು ಓದಿ ತಿಳಿದಿದ್ದೇನೆ. ಇನ್ನೂ ಒಂದು ಮಾತು. ತಮ್ಮ ಸಂಚಿಕೆಯ ಪ್ರಕಾರವೇ ಆ ವರ್ತಕ ಅವಿವಾಹಿತ. ಅವನ ಸಭೆಯಲ್ಲಿ ಇದ್ದವರು ಮೂರೇ ಜನ: ಅವನು, ಅವನ ಗುಮಾಸ್ತ, ಅಡುಗೆಯವನು. ಗುಮಾಸ್ತನಿಗೆ ಐವತ್ತು ವರ್ಷ ಎಂದೂ ತಾವೇ ಬರೆದಿದ್ದೀರಿ. ಹಾಗಾದರೆ ಮಗುವೇ ಇಲ್ಲದ ಸಭೆಯಲ್ಲಿ ದೀಕ್ಷಾಸ್ನಾನ ಯಾರಿಗೆ? ಆ ಅಡುಗೆಯವನ ಕೈಗೆ ಈ ಕಲ್ಲು ಸಿಕ್ಕಿದ್ದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಕೆಲಸವನ್ನು ಕಂಪೆನಿ ಈಗ ಕಂಪ್ಯೂಟರಿಗೆ ಕೊಟ್ಟಿದೆ. ಈ ಜನವರಿ ಮೂವತ್ತೊಂದಕ್ಕೆ ನಮ್ಮ ವೀಸಾ ಮುಗಿಯುತ್ತದೆ. ನಮ್ಮ ಸಾಮಾನು ಇಪ್ಪತ್ತನಾಲ್ಕರ ಹಡಗಿನಲ್ಲಿ ಹೋಗಬೇಕು. ಕಲ್ಲಿಗೂ ಕಾಗದ ಮಾಡಿಸಲು ನನ್ನ ಆಫೀಸಿನ ನೊರ್ಬರ್ಟನ ಬಳಿ ಹೋದೆ. ಅವನು ನನ್ನ ಕೈಕೆಳಗೆ ಕೆಲಸ ಕಲಿತವನು. ತಮ್ಮ ಸಂಚಿಕೆಯನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟ.

"ಸರ್, ಇದರಲ್ಲಿ ಇದು ಮಸ್ಕತ್ತಿನ ನೂರು ವರ್ಷದ ಪ್ರಾಚ್ಯವಸ್ತು ಅಂತ ಉಂಟು. ಬಂದರಿನಲ್ಲಿ ಯಾರಾದರೂ ನೋಡಿದರೆ ನೀವು ಊರಿಗೆ ಹೋಗುವುದಿಲ್ಲ, ಬೇರೆ ಕಡೆ ಹೋಗ್ತೀರಿ."

"ನೊರ್ಬರ್ಟ್, ಇದನ್ನು ತಂದವನು ನಾನೇ ಮಾರಾಯ."

"ಗೊತ್ತುಂಟು ಸರ್. ನಾನೇ ಅದರ ಸಾನ್ನ ತಿಂದವ. ಆದರೆ ಸಾನ್ನ ತಿಂದದ್ದಕ್ಕೆ ರಸೀದಿ ಇಲ್ಲ, ಇದಕ್ಕೆ ಪುಸ್ತಕ ಉಂಟು. ಬರೆದವರೇ ತಪ್ಪಾಯಿತು ಅಂತ ಬರೆದುಕೊಡಲಿ, ಆ ಕ್ಷಣ ನಾನು ಸೀಲು ಒತ್ತುತ್ತೇನೆ."

ಅವನು ಹೇಳಿದ್ದು ಸರಿ. ಒಂದು ಅಡುಗೆಯ ಕಲ್ಲು ತಮ್ಮ ಪೆನ್ನಿನಿಂದ ಪ್ರಾಚ್ಯವಸ್ತುವಾಯಿತು, ಹಾಗಾಗಿ ತಮ್ಮ ಪೆನ್ನಿನಿಂದಲೇ ಅದು ಮತ್ತೆ ಅಡುಗೆಯ ಕಲ್ಲಾಗಬೇಕು. ಕಲ್ಲು ಸಿಗುವ ತನಕ ಹೊರಡುವುದಿಲ್ಲವೆಂದು ಬೀಟ್ರಿಸ್ ಸೂಟ್‌ಕೇಸ್ ಕೆಳಗಿಳಿಸಿಯೇ ಇಲ್ಲ. ಮಗಳು ಬೆಂಗಳೂರಿನಿಂದ ಫೋನ್ ಮಾಡಿ, "ಮಮ್ಮಿ, ಇಟ್ಸ್ ಜಸ್ಟ್ ಎ ಸ್ಟೋನ್" ಎಂದಳು. ಬೀಟ್ರಿಸ್ ಫೋನನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಅವಳ ತಾಯಿ ಮುಟ್ಟಿದ್ದು ಅವಳ ಹತ್ತಿರ ಬೇರೇನೂ ಉಳಿದಿಲ್ಲ ಎಂಬುದನ್ನು ಮಗಳಿಗೆ ಫೋನಿನಲ್ಲಿ ಹೇಗೆ ಹೇಳುವುದು? ಬಿಲ್ಲು ಜಾಸ್ತಿ ಆಗುತ್ತದೆ ಎಂದು ಇಟ್ಟುಬಿಟ್ಟೆ.

ಕಳೆದ ಶುಕ್ರವಾರ ಅವಳು ನನಗೆ ಹೇಳದೆ ಒಬ್ಬಳೇ ಚಾಪೆಲಿಗೆ ಹೋಗಿದ್ದಳು. ಸಂಜೆ ಬಂದವಳು ಚಹಾ ಮಾಡಿ ಎದುರಿಗೆ ಕೂತಳು.

"ಒಬ್ಬಳು ಹುಡುಗಿ, ಆಸ್ಪತ್ರೆಯ ನರ್ಸ್ ಇರಬೇಕು, ಕಲ್ಲಿನಲ್ಲಿ ನಿಂತ ನೀರನ್ನು ಹಣೆಗೆ ಹಚ್ಚಿಕೊಂಡು ಅಳುತ್ತಿದ್ದಳು" ಎಂದಳು.

"ನೀನು ಏನು ಹೇಳಿದೆ?"

"ಎಂತ ಹೇಳುವುದು? ಅದು ಮೆಣಸು ಕಡೆದ ಕಲ್ಲು, ಕಣ್ಣಿಗೆ ತಾಗಿಸಬೇಡ ಮಗಾ ಅಂದೆ."

ಚಹಾದ ಲೋಟ ಕೆಳಗಿಟ್ಟು ಅವಳೇ ಹೇಳಿದಳು, "ಅವರಿಗೆ ಅಷ್ಟು ಬೇಕಾದರೆ ಇಟ್ಟುಕೊಳ್ಳಲಿ. ಆದರೆ ಸರಪಳಿ ಬೇಡ. ಗುಂಡನ್ನು ಹೊರಗೆ ತಂದು ಕಲ್ಲಿನಲ್ಲಿಡಬೇಕು. ಗುರುವಾರ ಯಾರಾದರೂ ಬಂದು ಅಕ್ಕಿ ಕಡೆಯಬೇಕು. ಒಣಗಿಸಿ ಇಡುವುದಾದರೆ ಅದು ಅಮ್ಮನ ಕಲ್ಲಲ್ಲ. ಆಗ ನಾನು ಬಿಡುವುದಿಲ್ಲ."

ನನ್ನ ಮಟ್ಟಿಗೆ ಹೇಳುವುದಾದರೆ ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಎಪ್ಪತ್ತೆಂಟು ಕಿಲೋ ತೂಕವನ್ನು ಸಮುದ್ರ ದಾಟಿಸಿದವನಿಗೆ ಔದಾರ್ಯ ಸುಲಭವಾಗಿ ಬರುವುದಿಲ್ಲ. ಆದರೆ ಕಲ್ಲು ನನ್ನದಲ್ಲ, ಅವಳದು. ಆದ್ದರಿಂದ ತಮ್ಮ ಮುಂದೆ ಈಗ ಎರಡು ದಾರಿಗಳಿವೆ, ಎರಡರಲ್ಲೂ ತಾವು ಎಲ್ಲರೆದುರು ಬಾಯಿ ತೆರೆಯಲೇಬೇಕು. ಒಂದೋ, ಜನವರಿ ಇಪ್ಪತ್ತರ ಶುಕ್ರವಾರ ಚಾಪೆಲಿನ ಎಲ್ಲ ಪ್ರಾರ್ಥನೆಗಳ ನಂತರ, ಎಲ್ಲ ಭಾಷೆಯವರಿಗೂ ತಿಳಿಯುವಂತೆ, ಇದು 1948ರಲ್ಲಿ ಕಾರ್ಕಳದಲ್ಲಿ ಕೆತ್ತಿದ ಕಡೆಯುವ ಕಲ್ಲು, ಇದರ ಒಡತಿ ಬೀಟ್ರಿಸ್ ಎಂದು ಓದಿ ಹೇಳಿ, ಅದನ್ನೇ ಬರೆದು ಸಹಿ ಹಾಕಿ, ಕಲ್ಲನ್ನೂ ಗುಂಡನ್ನೂ ಒಟ್ಟಿಗೆ ನಮಗೆ ಒಪ್ಪಿಸಿ. ಇಲ್ಲವಾದರೆ ಹಿಂದಿನ ದಿನ, ಹತ್ತೊಂಬತ್ತರ ಗುರುವಾರ ಸಂಜೆ ನಾಲ್ಕು ಗಂಟೆಗೆ, ಸರಪಳಿ ಬಿಚ್ಚಿಸಿ, ಫಲಕ ಬದಲಾಯಿಸಿ, ಸಮಿತಿಯ ಹನ್ನೆರಡೂ ಜನ ಬಾವಿಯ ಹತ್ತಿರ ಬನ್ನಿ. ಅಕ್ಕಿ ನೆನೆಸಿ ನಾವು ತರುತ್ತೇವೆ. ಮೊದಲು ಪ್ಯಾಂಟು ಮಡಚಿ ಕೂರುವವರು ಕಾರ್ಯದರ್ಶಿಗಳಾದ ತಾವು. ಹಿಟ್ಟು ನುಣ್ಣಗಾಯಿತೋ ಇಲ್ಲವೋ ಎಂದು ಬೀಟ್ರಿಸ್ ಬೆರಳಿನಲ್ಲಿ ಮುಟ್ಟಿ ನೋಡಿ ಹೇಳುತ್ತಾಳೆ. ಅವಳು ಸರಿ ಎಂದರೆ ಕಲ್ಲು ತಮ್ಮದು, ನಾವು ಬರಿಗೈಯಲ್ಲಿ ಹಡಗಿನ ಕಾಗದಕ್ಕೆ ಸಹಿ ಹಾಕುತ್ತೇವೆ.

ಧನ್ಯವಾದದ ಕಾರ್ಡು ಬೇಡ, ಜ್ಯೂಸ್ ಬೇಡ. ಕಡೆಯುತ್ತೀರೋ, ಕೊಡುತ್ತೀರೋ? ಇದೇ ಪತ್ರಿಕೆಯಲ್ಲಿ, ಇದೇ ಭಾಷೆಯಲ್ಲಿ, ತಮ್ಮ ತಾಯಿಯವರೂ ಓದುವಂತೆ ಉತ್ತರ ಬರೆಯಿರಿ.

ಇಂತಿ,
ಕಸ್ಟಮ್ಸಿನ ನೆಲದ ಮೇಲೆ ಕೂತು ಇಲ್ಲದ ಅಕ್ಕಿ ಕಡೆದು, ಈಗ ಇರುವ ಕಲ್ಲನ್ನು ಸರಪಳಿಯಾಚೆ ನಿಂತು ನೋಡುತ್ತಿರುವ,
ಫೌಸ್ಟಿನ್
(ಬೀಟ್ರಿಸಳ ಗಂಡ, ಜನವರಿ ಮೂವತ್ತೊಂದರ ತನಕ ರೂವಿ)